ಹನ್ನೊಂದು ಗಾಂಧಾರ

ನಾನು ಹೊಟ್ಟೆಕಿಚ್ಚಿನ ಹೆಂಗಸು ಎಂದು ನಮ್ಮೂರಿನಲ್ಲಿ ಯಾರಾದರೂ ನಿಮಗೆ ಹೇಳಿದರೆ ಧಾರಾಳವಾಗಿ ನಂಬಿ. ಹೇಳುವವರೆಲ್ಲ ನನ್ನ ಹತ್ತಿರವೇ ರವಿಕೆ ಹೊಲಿಸಿಕೊಂಡವರು. ನನ್ನ ಕತ್ತರಿಯನ್ನೂ ಬಲ್ಲರು, ನಾಲಿಗೆಯನ್ನೂ ಬಲ್ಲರು. ಆದರೆ ಅವರು ಹೇಳುವ ಕಥೆಯಲ್ಲಿ ನಾನು ಗಿರಣಿ ನೀಲಗಂಗಾಳ ಹಾಡು ಕೆಡಿಸಲು ಹೋಗಿ ಸಿಕ್ಕಿಬಿದ್ದವಳು, ಅಷ್ಟೆ. ನಡೆದದ್ದು ಅದಕ್ಕಿಂತ ಕೆಟ್ಟದ್ದು. ಅದನ್ನು ಅವರ ಬಾಯಿಗೆ ಬಿಡುವುದಕ್ಕಿಂತ ನಾನೇ ಹೇಳುವುದು ವಾಸಿ.

ನಮ್ಮೂರಿನಲ್ಲಿ ಹಾಡುವಾಗ ಸ್ವರ ತಪ್ಪಿದರೆ ಕಾಳು ಬೀಳುತ್ತದೆ. ಅಲಸಂದೆಯಷ್ಟು ದಪ್ಪ, ಮುಟ್ಟಿದರೆ ಬೆಚ್ಚಗೆ. ಕಿವಿಯ ಹತ್ತಿರ ಹಿಡಿದರೆ ತಪ್ಪಿದ ಸ್ವರ ತಪ್ಪಿದವರ ದನಿಯಲ್ಲೇ ಸಣ್ಣಗೆ ಗುಂಯ್‌ಗುಡುತ್ತಿರುತ್ತದೆ. ಅದೇ ಜಾಗವನ್ನು ಸರಿಯಾಗಿ ಹಾಡಿದ ದಿನ ಕಾಳು ಕರಗಿಹೋಗುತ್ತದೆ. ಗುಡಿಸದೆ ಬಿಟ್ಟರೆ ಮೂರೇ ದಿನದಲ್ಲಿ ಓಣಿಯ ಮಕ್ಕಳೆಲ್ಲ ಆ ತಪ್ಪು ಸ್ವರದಲ್ಲಿ ಮಗ್ಗಿ ಹೇಳತೊಡಗುತ್ತವೆ. ಹಾಗಾಗಿ ಮದುವೆಮನೆಯಲ್ಲಿ ಆರತಿ ಹಾಡು ಮುಗಿದ ಕೂಡಲೇ ಯಾರಾದರೂ ಪೊರಕೆ ಹಿಡಿದು ಏಳುತ್ತಾರೆ. ಹಜಾಮತಿ ಅಂಗಡಿಯ ಶಿವಪುತ್ರಪ್ಪ ರೇಡಿಯೋ ಜೊತೆ ಹಾಡುವ ಚಟದವನು. ಅವನ ಅಂಗಡಿಯಲ್ಲಿ ಕೂದಲಿಗೊಂದು ಪೊರಕೆ, ಕಾಳಿಗೊಂದು ಪೊರಕೆ. ಹೆಣ್ಣು ನೋಡಲು ಬಂದವರು ಒಂದು ಹಾಡು ಹೇಳು ತಾಯಿ ಎನ್ನುತ್ತಾರೆ, ಆಮೇಲೆ ಹುಡುಗಿಯ ಮುಖ ಬಿಟ್ಟು ಚಾಪೆ ನೋಡುತ್ತಾ ಕೂರುತ್ತಾರೆ. ನನ್ನನ್ನು ನೋಡಲು ಬಂದವರೂ ಚಾಪೆ ನೋಡಿಯೇ ಎದ್ದು ಹೋದರು. ಆ ಸಿಟ್ಟಿಗೇ ನಾನು ಇಪ್ಪತ್ತಾರನೆಯ ವಯಸ್ಸಿನಲ್ಲಿ ಚಂದ್ರಭಾಗಾ ಅಕ್ಕೋರ ಹತ್ತಿರ ಸಂಗೀತ ಕಲಿಯಲು ಹೋದದ್ದು.

ಅಕ್ಕೋರ ಬಾಗಿಲ ಪಕ್ಕ ಒಂದು ತಗಡಿನ ಹಲಗೆ. ಗಾಡಿಗಳ ನಂಬರು ಬರೆಯುವ ಪೇಂಟರನಿಂದ ಬರೆಸಿದ್ದು, ಅದಕ್ಕೇ ಅಕ್ಷರಗಳೆಲ್ಲ ಲಾರಿಯ ಹಿಂಭಾಗದ ಹಾಗೆ ದಪ್ಪಗಿವೆ. ಪಾಠಕ್ಕೆ ಐದು ನಿಮಿಷ ಮೊದಲು ಬಂದು ಕಟ್ಟೆಯ ಮೇಲೆ ಕೂರಬೇಕು, ಬಾಗಿಲು ಬಡಿಯಬಾರದು. ಬರಲಾಗದಿದ್ದರೆ ಹಿಂದಿನ ದಿನವೇ ಹೇಳಿ ಕಳಿಸಬೇಕು. ಹೇಳದೆ ತಪ್ಪಿಸಿದ ಪಾಠ ಹೋಯಿತು, ಅದರ ಬದಲಿಗೆ ಇನ್ನೊಂದು ಕೇಳಬಾರದು. ತಂಬೂರಿ ಮುಟ್ಟುವವರ ಉಗುರು ಕತ್ತರಿಸಿರಬೇಕು. ತಾಯಿತಂದೆ ಒಳಗೆ ಕೂತು ತಲೆದೂಗಬಾರದು. ಹೆಸರು ಹಾಕಿದ ಡಬ್ಬಿ ತರಬೇಕು, ಬಿದ್ದ ಕಾಳುಗಳನ್ನು ಅವರವರೇ ಆರಿಸಿಕೊಂಡು ಮನೆಗೆ ಒಯ್ದು ದಿನವೂ ಕೂತು ಕರಗಿಸಬೇಕು. ಡಬ್ಬಿ ಖಾಲಿಯಾಗದೆ ಹೊಸ ಚೀಜು, ಅಂದರೆ ಹೊಸ ಹಾಡು, ಇಲ್ಲ. ಕೊನೆಯ ಸಾಲು ಮಾತ್ರ ಕೆಂಪು ಬಣ್ಣದ್ದು: ಒಬ್ಬರ ಕಾಳು ಇನ್ನೊಬ್ಬರು ಮುಟ್ಟಬಾರದು. ಯಾಕೆ ಎಂದು ಬರೆದಿಲ್ಲ. ಯಾವುದಕ್ಕೂ ಯಾಕೆ ಎಂದು ಹೇಳುವ ಅಭ್ಯಾಸ ಅಕ್ಕೋರಿಗಿಲ್ಲ. ಇನ್ನೊಬ್ಬರ ಬಾಚಣಿಗೆ ಬಳಸಬಾರದು ಅನ್ನುತ್ತಾರಲ್ಲ, ಇದೂ ಅಂಥದ್ದೇ ಇರಬೇಕು ಎಂದುಕೊಂಡು ನಾವು ಸುಮ್ಮನಿದ್ದೆವು.

ಮೊದಲ ಮೂರು ವರ್ಷ ನನಗೆ ಏನೂ ಕಷ್ಟವಾಗಲಿಲ್ಲ. ಒಂದಾದ ಮೇಲೊಂದು ಚೀಜು ಕಲಿತೆ, ಕಾಳು ಬಿದ್ದವು, ಕರಗಿದವು. ನಾಲ್ಕನೆಯದು ತೋಡಿ ರಾಗದ ಚೀಜು. ಅದರಲ್ಲಿ ಗಾಂಧಾರ ಬರುವ ಜಾಗ ಹನ್ನೊಂದು. ತೋಡಿಯ ಗಾಂಧಾರ ಬೇರೆ ರಾಗಗಳ ಗಾಂಧಾರದಂತಲ್ಲ. ಅದು ಇನ್ನೂ ಕೆಳಗೆ, ತಲೆ ಬಗ್ಗಿಸಿ ಹೋಗಬೇಕಾದ ಬಾಗಿಲಿನ ಹಾಗೆ. ನಾನು ತಲೆ ಬಗ್ಗಿಸಿದವಳಲ್ಲ. ಹನ್ನೊಂದು ಜಾಗದಲ್ಲೂ ತಪ್ಪಿದೆ, ಹನ್ನೊಂದು ಕಾಳು ಬಿದ್ದವು, ಒಂದೂ ಕರಗಲಿಲ್ಲ. ಹಳೆಯ ಕಾಳು ಇರುವಾಗ ಅದೇ ತಪ್ಪು ಮಾಡಿದರೆ ಹೊಸದು ಬೀಳುವುದಿಲ್ಲ, ಇದ್ದದ್ದೇ ಗಟ್ಟಿಯಾಗುತ್ತದೆ. ಒಂಬತ್ತು ವರ್ಷ ನಾನು ಅದೊಂದೇ ಚೀಜು ಹಾಡಿದೆ. ಬೆಳಿಗ್ಗೆ ಒಲೆಯ ಮುಂದೆ ಹಾಡಿದೆ, ಮಧ್ಯಾಹ್ನ ಮಶಿನ್ನು ತುಳಿಯುತ್ತಾ ಹಾಡಿದೆ. ಗುರುವಾರ ನಾಲ್ಕು ಗಂಟೆಗೆ ಡಬ್ಬಿ ಹಿಡಿದು ಅಕ್ಕೋರ ಮುಂದೆ ಕೂತರೆ ಅವರು ಮುಚ್ಚಳ ತೆಗೆದು ನೋಡಿ, ಮುಚ್ಚಿ, ಮತ್ತೆ ಹಾಡು ಅನ್ನುತ್ತಿದ್ದರು. ಒಂದು ದಿನವಾದರೂ ಬಿಟ್ಟುಬಿಡು ಅನ್ನಲಿಲ್ಲ, ಭೇಷ್ ಅನ್ನಲೂ ಇಲ್ಲ.

ಹೀಗಿರುವಾಗ ನೀಲಗಂಗಾ ಬಂದಳು. ಹಿಟ್ಟಿನ ಗಿರಣಿಯ ಮಗಳು, ಇಪ್ಪತ್ಮೂರರ ವಯಸ್ಸು, ರೆಪ್ಪೆಯ ಮೇಲೆ ಯಾವಾಗಲೂ ಹಿಟ್ಟು. ಪಾಠದ ಹೊತ್ತು ನನ್ನದರ ಹಿಂದೆಯೇ, ಐದಕ್ಕೆ. ಹಲಗೆಯಲ್ಲಿ ಐದು ನಿಮಿಷ ಮೊದಲು ಅಂತಿದ್ದರೆ ಇವಳು ಅರ್ಧ ಗಂಟೆ ಮೊದಲೇ ಬಂದು ಕಟ್ಟೆಯ ಮೇಲೆ ಕೂತು ಕಿವಿ ನಿಮಿರಿಸುವಳು. ಒಳಗೆ ನಾನು ಅದೇ ಗಾಂಧಾರಕ್ಕೆ ತಲೆ ಚಚ್ಚಿಕೊಳ್ಳುವುದನ್ನು ಹೊರಗೆ ಒಬ್ಬಳು ಕೇಳುತ್ತಿದ್ದಾಳೆ ಎಂದರೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ಸಾಲದೆಂದು ಅಕ್ಕೋರು ಅವಳ ಡಬ್ಬಿಗೆ ಗವಸಣಿಗೆ ಹೊಲಿದುಕೊಡು ಎಂದು ನನಗೇ ಹೇಳಿದರು. ಎಲ್ಲರ ಗವಸಣಿಗೆ ಹೊಲಿದವಳೂ ನಾನೇ, ಹೆಸರು ಕಸೂತಿ ಹಾಕಿದವಳೂ ನಾನೇ. ಅವಳದಕ್ಕೆ ಬೇಕೆಂದೇ ಮಾಸಿದ ಕಂದು ಬಟ್ಟೆ ಹಾಕಿದೆ. ಅವಳು ಅದನ್ನು ಎದೆಗೊತ್ತಿಕೊಂಡು, ಎಷ್ಟು ಛಂದ ಹೊಲಿದೀರಿ ಅಕ್ಕಾ ಅಂದಳು.

ಅವಳ ಕಾಳುಗಳು ಬೆಲ್ಲದ ಹಾಗೆ ಕರಗುತ್ತಿದ್ದವು. ಗಿರಣಿಯ ಪಟ್ಟಾ ತಿರುಗುವ ಸದ್ದಿನೊಳಗೆ ಅವಳು ದಿನವಿಡೀ ಹಾಡುತ್ತಾಳಂತೆ, ಯಾರಿಗೂ ಕೇಳಿಸುವುದಿಲ್ಲ, ನಾಚಿಕೆಯೂ ಇಲ್ಲ. ಒಂದೂವರೆ ವರ್ಷಕ್ಕೆ ತೋಡಿಗೆ ಬಂದಳು. ಅವಳಿಗೂ ಗಾಂಧಾರಕ್ಕೆ ನಾಲ್ಕು ಕಾಳು ಬಿದ್ದವು. ಆ ಗುರುವಾರ ನಾನು ಜೀವನದಲ್ಲಿ ಮೊದಲ ಸಲ ಅವಳಿಗೆ ಒಂದು ಪೇಡೆ ಕೊಟ್ಟೆ. ಮುಂದಿನ ಗುರುವಾರ ನಾಲ್ಕೂ ಕರಗಿದ್ದವು. ಅವಳು ನನ್ನನ್ನು ದಾಟಿ ಐದನೆಯ ಚೀಜಿಗೆ ಹೋದಳು, ಆರನೆಯದಕ್ಕೆ ಹೋದಳು. ನನ್ನ ಪಾಠ ಮುಗಿದ ಮೇಲೂ ಕಟ್ಟೆಯ ಮೇಲೆ ಕೂತು ನಾನು ಅವಳ ಹೊಸ ರಾಗ ಕೇಳುವಂತಾಯಿತು. ಅವಳ ಗಾಂಧಾರ ಸರಿಯಾಗಿತ್ತು, ಬರೀ ಸರಿಯಾಗಿತ್ತು, ಅದರಲ್ಲಿ ಇನ್ನೇನೂ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೊಟ್ಟೆಕಿಚ್ಚಿನ ಮಾತಾದರೂ ಅದು ಸುಳ್ಳಲ್ಲ ಎಂದು ಆಮೇಲೆ ಅಕ್ಕೋರೇ ಹೇಳಿದರು.

ಆ ವರ್ಷ ಬೆಳಗಿನ ಮೊದಲ ಪಾಠ ಖಾಲಿಯಾಯಿತು. ಆರೂವರೆಯ ಆ ಹೊತ್ತು ಹದಿನೆಂಟು ವರ್ಷದಿಂದ ಸೋನಾಬಾಯಿಯದು. ಅವಳು ಮಗಳ ಊರಿಗೆ ಹೊರಟಳು. ಮೊದಲ ಪಾಠದವಳು ಎಂದರೆ ಸುಮ್ಮನಲ್ಲ. ಅಕ್ಕೋರ ತಂಬೂರಿ ಶ್ರುತಿ ಮಾಡುವವಳು ಅವಳು, ಕಚೇರಿಯಲ್ಲಿ ಅಕ್ಕೋರ ಬೆನ್ನಿಗೆ ಕೂತು ದನಿ ಸೇರಿಸುವವಳು ಅವಳು. ಅಕ್ಕೋರ ಮನೆತನದ ಚೀಜುಗಳು ಹೋಗುವುದೂ ಅವಳೊಬ್ಬಳಿಗೇ. ಮದುವೆಯಿಲ್ಲ, ಮಕ್ಕಳಿಲ್ಲ, ಹನ್ನೆರಡು ವರ್ಷದಿಂದ ನಾನು ಬದುಕಿದ್ದೇ ಆ ಆರೂವರೆಯ ಮೇಲೆ ಕಣ್ಣಿಟ್ಟು. ಅಕ್ಕೋರು ನನ್ನನ್ನೂ ನೀಲಗಂಗಾಳನ್ನೂ ಒಟ್ಟಿಗೆ ಕೂರಿಸಿ ಹೇಳಿದರು: ತಿಂಗಳ ಕೊನೆಯ ಗುರುವಾರ ಬೆಳಿಗ್ಗೆ ಇಬ್ಬರೂ ಡಬ್ಬಿ ತನ್ನಿ, ಯಾರದು ಖಾಲಿಯೋ ಅವರದು ಮೊದಲ ಪಾಠ. ಇಬ್ಬರದೂ ಖಾಲಿಯಿದ್ದರೆ ಹಿರಿಯಳಾದ ಇಂದುಮತಿಗೆ, ಅಂದರೆ ನನಗೆ.

ಮೂರು ವಾರ ನಾನು ಹೊಲಿಗೆ ಬದಿಗಿಟ್ಟು ಹಾಡಿದೆ. ಗಿರಾಕಿಗಳು ಬಂದು ಬೈದುಹೋದರು. ಕಾಳುಗಳು ಕಲ್ಲಿನಂತೆ ಕೂತೇ ಇದ್ದವು. ಉಳಿದದ್ದು ಒಂದು ವಾರ. ಆ ಗುರುವಾರ ನನ್ನ ಪಾಠ ಮುಗಿಯಿತು, ಅಕ್ಕೋರಿಗೆ ತೋರಿಸಿ ಪಾಠ ಮುಗಿಯುವ ತನಕ ಮಂದಿಯೆಲ್ಲ ಡಬ್ಬಿ ಇಡುವ ಹೊರಕೋಣೆಯ ಗೂಡಿನ ಮುಂದೆ ನಿಂತೆ. ಒಳಗೆ ನೀಲಗಂಗಾ ತಂಬೂರಿಗೆ ದನಿ ಸೇರಿಸುತ್ತಿದ್ದಳು. ಅವಳ ಕಂದು ಗವಸಣಿಗೆಯ ಗಂಟು ನಾನೇ ಇಟ್ಟದ್ದು, ಬಿಚ್ಚಲು ಎಷ್ಟು ಹೊತ್ತು. ಡಬ್ಬಿ ಖಾಲಿಯಿತ್ತು, ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಆ ಹೊಳಪು ನೋಡಿದ ಮೇಲೆ ನನಗೆ ಯಾವ ಹಲಗೆಯೂ ನೆನಪಾಗಲಿಲ್ಲ. ಹನ್ನೊಂದನ್ನೂ ಅದರೊಳಗೆ ಸುರಿದೆ. ನನ್ನದು ಖಾಲಿ, ಅವಳದು ತುಂಬಿತು, ಒಂದೇ ಕೈಯಲ್ಲಿ ಎರಡು ಕೆಲಸ. ಮೊದಲಿನಂತೆಯೇ ಗಂಟು ಹಾಕಿ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಆ ವಾರ ನಾನು ಬಾಯಿ ಬಿಡಲಿಲ್ಲ. ಹಾಡಿದರೆ ಎಲ್ಲಿ ಹೊಸ ಕಾಳು ಬಿದ್ದು ಡಬ್ಬಿ ತುಂಬುತ್ತದೋ ಎಂಬ ಭಯ. ಬಾಕಿಯಿದ್ದ ರವಿಕೆಗಳನ್ನೆಲ್ಲ ಹೊಲಿದು ಮುಗಿಸಿದೆ. ಸೋಮವಾರ ಜೋಳ ಬೀಸಿಸುವ ನೆಪ ಮಾಡಿಕೊಂಡು ಗಿರಣಿಗೆ ಹೋದೆ. ಅವಳು ಅಳುತ್ತಾ ಕೂತಿರಬಹುದು, ಅಕ್ಕೋರ ಬಳಿ ದೂರು ಒಯ್ಯಬಹುದು ಎಂದು ನೋಡುವ ಆಸೆ. ಅವಳು ಪಟ್ಟಾದ ಪಕ್ಕ ನಿಂತು ಕಣ್ಣು ಮುಚ್ಚಿ ಹಾಡುತ್ತಿದ್ದಳು. ಗಿರಣಿಯ ಗದ್ದಲದಲ್ಲಿ ನನಗೆ ತುಟಿ ಮಾತ್ರ ಕಂಡಿತು. ಹಿಟ್ಟಿನ ಡಬ್ಬ ನನ್ನ ಕೈಗೆ ಕೊಡುವಾಗ ಅವಳು ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಳು, ಏನೋ ಹೇಳಿದಳು. ಉಪಕಾರ ಎಂಬ ಒಂದು ಮಾತಷ್ಟೇ ಕೇಳಿಸಿತು. ಇವಳಿಗೆ ತಲೆ ಕೆಟ್ಟಿರಬೇಕು ಎಂದುಕೊಂಡು ಬಂದೆ, ಆದರೆ ಆ ದಿನ ರೊಟ್ಟಿ ರುಚಿಸಲಿಲ್ಲ.

ಕೊನೆಯ ಗುರುವಾರ ಆರು ಗಂಟೆ ಇಪ್ಪತ್ತೈದು ನಿಮಿಷಕ್ಕೆ ನಾವಿಬ್ಬರೂ ಕಟ್ಟೆಯ ಮೇಲೆ ಕೂತಿದ್ದೆವು. ಅಕ್ಕೋರು ಕರೆದರು. ನನ್ನ ಡಬ್ಬಿ ತೆರೆದು ನೋಡಿದರು, ಒಳಗೆ ಬೆರಳು ಹಾಕಿ ಆಡಿಸಿದರು. ಒಂಬತ್ತು ವರ್ಷದಿಂದ ನೋಡದ ತಳ ಅದು. ಅವರ ಮುಖದಲ್ಲಿ ಒಂದು ಬೆಳಕು ಬಂತು, ಅದನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯಬೇಕೆಂದರೂ ಆಗುತ್ತಿಲ್ಲ. ಆಮೇಲೆ ನೀಲಗಂಗಾಳ ಡಬ್ಬಿ ತೆರೆದರು. ನಾನು ಬಗ್ಗಿ ನೋಡಿದೆ. ಅದೂ ಖಾಲಿ.

ಮೊದಲು ನನಗೆ ಗಾಬರಿಯಾಯಿತು, ಮರುಕ್ಷಣವೇ ನಗು ಬಂತು. ಇಬ್ಬರದೂ ಖಾಲಿಯಾದರೆ ಹಿರಿಯಳು ನಾನು. ಅಕ್ಕೋರೂ ಅದನ್ನೇ ಹೇಳಿದರು. ಸೋನಾಬಾಯಿಯ ಚಾಪೆಯ ಮೇಲೆ ನನ್ನನ್ನು ಕೂರಿಸಿ, ತಂಬೂರಿ ನನ್ನ ತೊಡೆಯ ಮೇಲಿಟ್ಟರು.

‘ಒಂಬತ್ತು ವರ್ಷ ಕಾದೀನಿ ಇಂದೂ,’ ಅಂದರು. ‘ತೋಡಿ ಹಾಡು. ಗಾಂಧಾರದ ಮ್ಯಾಲೆ ಸ್ವಲ್ಪ ಹೊತ್ತು ನಿಂದ್ರು, ನಾ ಕೇಳಬೇಕು.’

ತಂತಿ ಮೀಟಿದೆ. ಷಡ್ಜ ಹಿಡಿದೆ, ರಿಷಭಕ್ಕೆ ಬಂದೆ, ಗಾಂಧಾರಕ್ಕೆ ಬಾಯಿ ತೆರೆದೆ. ಏನೂ ಬರಲಿಲ್ಲ. ದನಿ ಒಡೆಯಲಿಲ್ಲ, ಸ್ವರ ತಪ್ಪಲಿಲ್ಲ, ಕಾಳೂ ಬೀಳಲಿಲ್ಲ. ಬರೀ ಉಸಿರು ಹೋಯಿತು. ಮುಂದಿನ ಮಧ್ಯಮ ತಾನಾಗಿ ಬಂತು, ಪಂಚಮ ಬಂತು. ಮತ್ತೆ ಇಳಿದೆ, ಮತ್ತೆ ಅದೇ ಜಾಗದಲ್ಲಿ ಉಸಿರು. ಮೆಟ್ಟಿಲಿದೆ ಎಂದು ಕಾಲಿಟ್ಟರೆ ಮೆಟ್ಟಿಲಿಲ್ಲದ ಹಾಗೆ. ಹನ್ನೊಂದು ಜಾಗದಲ್ಲೂ ಹಾಗೆಯೇ ಆಯಿತು. ನಾನು ನಿಲ್ಲಿಸಿದೆ. ತಂಬೂರಿಯ ತಂತಿ ಸ್ವಲ್ಪ ಹೊತ್ತು ತಾನೇ ನುಡಿದು ಸುಮ್ಮನಾಯಿತು.

ಅಕ್ಕೋರು ನೀಲಗಂಗಾಳ ಕಡೆ ತಿರುಗಿ, ನೀ ಹಾಡು ಅಂದರು. ಅವಳು ಹೆದರಿದ್ದಳು. ಕಣ್ಣು ಮುಚ್ಚಿ ಷಡ್ಜ ಹಿಡಿದಳು, ಅದು ಅವಳ ದನಿ. ರಿಷಭ, ಅದೂ ಅವಳದೇ. ಗಾಂಧಾರಕ್ಕೆ ಬಂದಳು, ಕೋಣೆಯಲ್ಲಿ ನಾನು ಕೇಳಿದ್ದು ನನ್ನ ದನಿ. ನನಗೆ ಹುಟ್ಟಿನಿಂದ ಇರುವ, ನಮ್ಮ ತಾಯಿಗೂ ಇದ್ದ, ಆ ಸ್ವಲ್ಪ ಒರಟು ಅಂಚಿನ ದನಿ, ಸರಿಯಾದ ಜಾಗದಲ್ಲಿ ತಲೆ ಬಗ್ಗಿಸಿ ನಿಂತಿತ್ತು. ಅಷ್ಟು ಚೆಂದದ ಗಾಂಧಾರ ನಾನು ಅಕ್ಕೋರ ಬಾಯಿಂದಲೂ ಕೇಳಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಸಿಟ್ಟಿಗೋ ಸಂತೋಷಕ್ಕೋ ಎಂದು ಕೇಳಿದರೆ, ಹೊಟ್ಟೆಕಿಚ್ಚಿಗೆ ಎಂದೇ ಹೇಳುತ್ತೇನೆ. ಅವಳು ಹಾಡಿದ್ದು ನನ್ನದಾಗಿತ್ತು, ನನ್ನ ಬಳಿ ಇರಲಿಲ್ಲ.

ಅಕ್ಕೋರು ನನ್ನ ತೊಡೆಯ ಮೇಲಿನ ತಂಬೂರಿ ಎತ್ತಿ ಅವಳ ತೊಡೆಯ ಮೇಲಿಟ್ಟರು.

‘ಇಕಿ ಗಾಂಧಾರ ಇಷ್ಟು ದಿನ ಬರೇ ಸರಿ ಇತ್ತು,’ ಅಂದರು. ‘ಈಗ ಗಾಂಧಾರ ಆಗೇದ. ಆ ಹಲಗಿ ಮ್ಯಾಲೆ ಕೆಂಪು ಬಣ್ಣ ಯಾಕ ಹಚ್ಚಿಸೀನಿ ಅಂತ ನೀವ್ಯಾರೂ ಒಮ್ಮೆನೂ ಕೇಳಲಿಲ್ಲ ನನ್ನ.’

ಬೈಯಲಿಲ್ಲ. ಪಾಠ ಬಿಡಿಸಲಿಲ್ಲ. ನಿನ್ನ ಹೊತ್ತು ಗುರುವಾರ ನಾಲ್ಕು, ಹಿಂದಿನಂತೆ ಬಾ ಎಂದರು. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ.

ಕಟ್ಟೆಯ ಹತ್ತಿರ ನೀಲಗಂಗಾ ಓಡಿಬಂದು ನನ್ನ ಸೆರಗು ಹಿಡಿದಳು. ಅವಳಿಗೆ ಆಗಷ್ಟೇ ವಿಷಯ ಅರ್ಥವಾಗಿತ್ತು. ಡಬ್ಬಿಯಲ್ಲಿ ಕಾಳು ಕಂಡ ದಿನವೇ ಕಿವಿಗೆ ಹಿಡಿದು ಕೇಳಿದಳಂತೆ, ನನ್ನ ದನಿ ಎಂದು ಗೊತ್ತಾಯಿತಂತೆ. ಮತ್ತೆ ಯಾಕೆ ಮುಟ್ಟಿದೆ, ಹಲಗೆ ಓದಲು ಬರುವುದಿಲ್ಲವೇ ಎಂದು ನಾನು ಬಾಯಿಗೆ ಬಂದಂತೆ ಕೇಳಿದೆ. ತಪ್ಪು ನನ್ನದೇ ಆದರೂ ಕೇಳಿದೆ.

‘ನೀವ ಕೊಟ್ಟಿದ್ದು ಅಂತ ತಿಳಕೊಂಡೆ ಅಕ್ಕಾ,’ ಅಂದಳು. ‘ನಿಮಗ ಸಾಕಾಗಿರಬೇಕು, ನನ್ನ ಕೈಯಾಗರ ಕರಗಲಿ ಅಂತ ಬಿಟ್ಟೀರಿ ಅಂದಕೊಂಡೆ. ನನ್ನ ಕಾಳು ಎಲ್ಲೆಲ್ಲೋ ತಪ್ಪಿರತಿದ್ದುವು. ನಿಮ್ಮುವು ಹನ್ನೊಂದೂ ಒಂದ ಕಡೆ ಮುಖಾ ಮಾಡಿದ್ದುವು. ದಾರಿ ಎಲ್ಲಾ ನೀವ ನಡದು ಮುಗಿಸಿದ್ರಿ. ಒಂದು ಕೂದಲೆಳಿಯಷ್ಟ ಉಳದಿತ್ತು, ಅಷ್ಟ ನಾ ಮಾಡಿದ್ದು.’

ಕೂದಲೆಳೆಯಷ್ಟು. ಕಾಳುಗಳು ಕಲ್ಲಾಗುತ್ತಿವೆ ಎಂದು ನಾನು ಅಂದುಕೊಂಡಿದ್ದೆ, ಅವು ಹಣ್ಣಾಗುತ್ತಿದ್ದವು. ಇನ್ನೊಂದು ತಿಂಗಳೋ, ಒಂದು ವಾರವೋ, ಬಹುಶಃ ನಾನು ಬಾಯಿ ಮುಚ್ಚಿಕೊಂಡು ರವಿಕೆ ಹೊಲಿದ ಅದೇ ವಾರವೋ. ನಾನು ಸೆರಗು ಬಿಡಿಸಿಕೊಂಡು ಮನೆಗೆ ಬಂದೆ.

ಊರಿಗೆ ಸುದ್ದಿಯಾಯಿತು. ಶಿವಪುತ್ರಪ್ಪನ ಅಂಗಡಿಯಲ್ಲಿ ತಿಂಗಳುಗಟ್ಟಲೆ ಅದೇ ಮಾತು. ಅಕ್ಕೋರು ಹಲಗೆಯ ಕೆಂಪು ಸಾಲಿಗೆ ಹೊಸ ಬಣ್ಣ ಹಚ್ಚಿಸಿದರು, ಗೂಡಿಗೆ ಬಾಗಿಲೂ ಕೀಲಿಯೂ ಬಂತು. ನಾನು ಗುರುವಾರ ತಪ್ಪಿಸಲಿಲ್ಲ. ನಾಲ್ಕಕ್ಕೆ ಐದು ನಿಮಿಷವಿರುವಾಗ ಹೋಗಿ ಕೂತು, ಗಾಂಧಾರವಿಲ್ಲದ ತೋಡಿ ಹಾಡಿ ಬರುತ್ತಿದ್ದೆ. ಡಬ್ಬಿ ಖಾಲಿ. ನಿಯಮದ ಪ್ರಕಾರ ಹೊಸ ಚೀಜು ಕೊಡಬೇಕು, ಅಕ್ಕೋರು ಕೊಡಲಿಲ್ಲ, ನಾನೂ ಕೇಳಲಿಲ್ಲ. ವಾರಕ್ಕೆರಡು ಸಲ ಜೋಳ ಇದ್ದರೂ ಇಲ್ಲದಿದ್ದರೂ ಗಿರಣಿಗೆ ಹೋಗುತ್ತಿದ್ದೆ. ಕರೆಂಟು ಹೋಗಿ ಪಟ್ಟಾ ನಿಂತಾಗ ಅವಳ ಹಾಡು ಥಟ್ಟನೆ ಕೇಳುತ್ತದೆ. ಅದರಲ್ಲಿ ನನ್ನ ಗಾಂಧಾರ ಬರುವವರೆಗೆ ನಿಂತು, ಬಂದ ಮೇಲೆ ಮುಖ ಗಂಟು ಹಾಕಿಕೊಂಡು ಮನೆಗೆ ಬರುತ್ತಿದ್ದೆ.

ಹೀಗೆ ಒಂದು ವರ್ಷದ ಮೇಲೆ ನಾಲ್ಕು ತಿಂಗಳಾಯಿತು. ಒಂದು ಮಧ್ಯಾಹ್ನ ನೀಲಗಂಗಾ ಹಸಿರು ಖಣದ ತುಂಡು ಹಿಡಿದುಕೊಂಡು ನನ್ನ ಅಂಗಡಿಗೇ ಬಂದಳು. ಅಕ್ಕೋರ ಬೆನ್ನಿಗೆ ಕೂತು ಮೊದಲ ಕಚೇರಿಯಂತೆ, ರವಿಕೆ ನಾನೇ ಹೊಲಿಯಬೇಕಂತೆ. ಊರಲ್ಲಿ ಬೇರೆ ದರ್ಜಿಗಳಿಲ್ಲವೇ ಎಂದೆ. ನೀವು ಹೊಲಿದ ಗವಸಣಿಗೆ ಇನ್ನೂ ಹರಿದಿಲ್ಲ ಅಕ್ಕಾ ಅಂದಳು. ತೋಳಿನ ಅಳತೆ ತೆಗೆಯುತ್ತಿದ್ದೆ. ಅವಳು ಸುಮ್ಮನಿರಲಾರದೆ ಗುನುಗತೊಡಗಿದಳು, ತೋಡಿಯೇ. ನನ್ನ ಗಾಂಧಾರ ನನ್ನ ಕಿವಿಯಿಂದ ಗೇಣು ದೂರದಲ್ಲಿ ಬಂತು. ಟೇಪು ಬಾಯಲ್ಲಿ ಕಚ್ಚಿಕೊಂಡಿದ್ದವಳು ನಾನು ಯಾವಾಗ ಅದನ್ನು ಬಿಟ್ಟೆನೋ, ಯಾವಾಗ ಅವಳ ಜೊತೆ ಬಾಯಿ ತೆರೆದೆನೋ ತಿಳಿಯಲಿಲ್ಲ. ಒಂದು ದನಿ ಬಂತು. ಕೆಟ್ಟ ದನಿ. ಕೂದಲೆಳೆಯಲ್ಲ, ಮೊಳದಷ್ಟು ತಪ್ಪಿದ ಗಾಂಧಾರ, ಮೊದಲ ದಿನ ಪಾಠಕ್ಕೆ ಬಂದ ಮಗು ಕೂಡ ಅಷ್ಟು ತಪ್ಪಲಾರದು. ಬಟ್ಟೆಯ ಚೂರುಗಳ ನಡುವೆ ಟಪ್ಪೆಂದು ಏನೋ ಬಿತ್ತು.

ಅದು ಉರುಳುತ್ತಾ ಹೋಗಿ ಮಶಿನ್ನಿನ ಕಾಲಿನ ಹತ್ತಿರ ನಿಂತಿತು. ನೀಲಗಂಗಾಳ ಮುಖ ಅರಳಿತು. ಅವಳು ಒಳ್ಳೆಯವಳು, ಅದು ನನಗೆ ಯಾವತ್ತೂ ಗೊತ್ತಿತ್ತು, ಗೊತ್ತಿದ್ದೇ ಅವಳನ್ನು ದ್ವೇಷಿಸಿದ್ದು. ಮಶಿನ್ನು ತುಳಿದು ತುಳಿದು ನನಗೆ ಸೊಂಟ ನೋವೆಂದು ಅವಳೇ ಬಗ್ಗಿದಳು, ಎತ್ತಿ ಕೊಡಲು ಕೈ ಚಾಚಿದಳು. ನಾನು ಒಂದೇ ಹೆಜ್ಜೆಗೆ ಹೋಗಿ ಅದರ ಮೇಲೆ ಮೆಲ್ಲಗೆ ಕಾಲು ಇಟ್ಟೆ. ಅಂಗಾಲಿಗೆ ಬೆಚ್ಚಗೆ ತಾಗಿತು.

‘ಮುಟ್ಟಬ್ಯಾಡ,’ ಅಂದೆ. ‘ಅದು ನಂದು.’